ನಾಳೆ ಬರ್ತೀರಾ?

2021ರ ಜೂನ್. ಮಳೆ ಹಿಡಿದು ವಾರವಾಗಿತ್ತು. ಕೊಡಗಿನ ತಿತಿಮತಿ ದಾಟಿ ಒಳಗೆ, ನಾಗರಹೊಳೆ ಕಾಡಿನ ಅಂಚಿನಲ್ಲಿರುವ ಒಂದು ಹಾಡಿಗೆ, ಅಂದರೆ ಆದಿವಾಸಿಗಳ ಪುಟ್ಟ ಊರಿಗೆ, ನಾವು ಐದು ಜನ ಜೀಪಿನಲ್ಲಿ ಹೋದೆವು. ಹಾಡಿಯ ಹೆಸರು ಬರೆಯುವುದಿಲ್ಲ, ಅಲ್ಲಿಯವರು ನನ್ನನ್ನು ನಂಬಿ ಮಾತಾಡಿದ್ದಾರೆ. ಒಬ್ಬರು ನರ್ಸ್, ಇಬ್ಬರು ಆಶಾ ಕಾರ್ಯಕರ್ತೆಯರು, ಡ್ರೈವರ್, ಮತ್ತೆ ಹೆಸರು ಬರೆದುಕೊಳ್ಳುವುದಕ್ಕೆ ನಾನು. ಶಾಲೆ ಮುಚ್ಚಿತ್ತು. ನಮ್ಮಂಥ ಟೀಚರ್‌ಗಳನ್ನು ಕೋವಿಡ್ ಕೆಲಸಕ್ಕೆ ಹಾಕಿದ್ದರು.

ಹಾಡಿಯಲ್ಲಿ ಯಾರೂ ಇರಲಿಲ್ಲ.

ಒಲೆಗಳಿಂದ ಹೊಗೆ ಇನ್ನೂ ಏಳುತ್ತಿತ್ತು. ಒಂದು ಜಗಲಿಯ ಮೇಲೆ ಅರ್ಧ ಕುಡಿದ ಬೆಲ್ಲದ ಕಾಫಿಯ ಲೋಟ ಇತ್ತು, ಮುಟ್ಟಿದರೆ ಬೆಚ್ಚಗಿತ್ತು. ಜೀಪಿನ ಸದ್ದು ಕೇಳಿದ ಕೂಡಲೇ ದೊಡ್ಡವರೆಲ್ಲ ತೋಟದ ಕಡೆಗೋ ಕಾಡಿನ ಕಡೆಗೋ ಹೋಗಿಬಿಟ್ಟಿದ್ದರು. ಉಳಿದದ್ದು ನಾಲ್ಕೈದು ಮಕ್ಕಳು, ಒಂದು ನಾಯಿ, ಕಾಲು ನೋವಿನಿಂದ ಓಡಲಾಗದ ಒಬ್ಬ ಅಜ್ಜಿ, ಮತ್ತೆ ಅಜ್ಜಿಯನ್ನು ಬಿಟ್ಟು ಹೋಗಲಾರದ ಇಬ್ಬರು.

ನರ್ಸಮ್ಮ ನೀಲಿ ಐಸ್ ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಅದರ ಮುಚ್ಚಳ ತೆಗೆಯಲಿಲ್ಲ. ಆ ದಿನಗಳಲ್ಲಿ ಈ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಕೋವಿಶೀಲ್ಡ್‌ನ ಒಂದು ಬಾಟಲಿಯಲ್ಲಿ 10 ಡೋಸ್ ಇರುತ್ತಿತ್ತು. ಒಮ್ಮೆ ತೆರೆದರೆ 4 ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಮೂರು ಜನರಿಗಾಗಿ ತೆರೆದರೆ ಏಳು ಡೋಸ್ ಹಾಳು. ಹಾಳು ಮಾಡಿದ್ದಕ್ಕೆ ಲೆಕ್ಕ ಕೊಡಬೇಕು. ತೆರೆಯದೆ ವಾಪಸ್ ತಂದರೆ ಯಾಕೆ ಹಾಕಲಿಲ್ಲ ಎಂದು ಅದಕ್ಕೂ ಲೆಕ್ಕ ಕೊಡಬೇಕು. ಬೆಳಗ್ಗೆ 6 ಗಂಟೆಗೆ ಮನೆ ಬಿಟ್ಟು, ಮಧ್ಯಾಹ್ನದ ಊಟ ಬಿಟ್ಟು, ಆನೆ ಬರುವ ಹೊತ್ತಿಗೆ ಮುಂಚೆ ಕಾಡುದಾರಿ ದಾಟಬೇಕು ಎಂಬ ಆತುರದಲ್ಲಿದ್ದ ಆ ಹೆಣ್ಣುಮಗಳ ಮುಖ ನನಗೆ ಈಗಲೂ ನೆನಪಿದೆ. ಅವರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಈ ಬರಹ ಅವರ ವಿರುದ್ಧದ್ದಲ್ಲ.

ನಾನು ಅಜ್ಜಿಯ ಹತ್ತಿರ ಕೂತೆ. ಟೀಚರ್ ಅಲ್ವಾ, ತಿಳಿಹೇಳುವ ಅಭ್ಯಾಸ. ರೋಗ ಹೇಗೆ ಹರಡುತ್ತದೆ, ಸೂಜಿ ಯಾಕೆ ಬೇಕು ಎಂದು ಶುರು ಮಾಡಿದೆ. ಅಜ್ಜಿ ಎಲೆಯಡಿಕೆ ಜಗಿಯುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸೀರೆಯ ಸೆರಗು ಸರಿಸಿ ಎಡತೋಳು ತೋರಿಸಿದರು. ಅಲ್ಲಿ ಹಳೆಯ ದುಂಡನೆಯ ಕಲೆ ಇತ್ತು.

"ಇದೂ ಸೂಜೀನೇ ಟೀಚರಮ್ಮ. ದಾಕು. ನಾನು ಚಿಕ್ಕೋಳಿದ್ದಾಗ ಹಾಕಿದ್ದು."

ಸಿಡುಬಿನ ಲಸಿಕೆಯ ಕಲೆ. ನಮ್ಮ ದೇಶದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಅದಕ್ಕಿಂತ ಮೊದಲು ಯಾರೋ ಒಬ್ಬರು ಈ ಕಾಡಿನೊಳಗೆ ನಡೆದು ಬಂದು ಈ ಅಜ್ಜಿಯ ತೋಳಿಗೆ ದಾಕು ಹಾಕಿದ್ದರು. ಅಜ್ಜಿಯ ಮೊಮ್ಮಕ್ಕಳೂ ಪೋಲಿಯೋ ಹನಿ ಕುಡಿದವರೇ. ಮನೆಯಲ್ಲಿ ತಾಯಿ ಕಾರ್ಡ್ ಇತ್ತು, ಅದರಲ್ಲಿ ಮಕ್ಕಳ ಚುಚ್ಚುಮದ್ದಿನ ದಿನಾಂಕಗಳೆಲ್ಲ ತುಂಬಿದ್ದವು. ನಾನು ಮಾತು ನಿಲ್ಲಿಸಿದೆ. ಲಸಿಕೆ ಅಂದರೇನು ಎಂದು ಗೊತ್ತಿಲ್ಲದವರಿಗೆ ಹೇಳುವ ಹಾಗೆ ನಾನು ಅರ್ಧ ಗಂಟೆ ಮಾತಾಡಿದ್ದೆ.

"ಮತ್ತೆ ಇದು ಯಾಕೆ ಬೇಡ ಅಜ್ಜಿ?" ಎಂದೆ.

ಅಜ್ಜಿ ಜೀಪಿನ ಕಡೆ ನೋಡಿದರು. "ನೀವು ಸೂಜಿ ಹಾಕಿ ಜೀಪ್ ಹತ್ತಿ ಹೋಗ್ತೀರ. ರಾತ್ರಿ ಜ್ವರ ಬಂದ್ರೆ ಯಾರಿರ್ತಾರೆ? ನಾಳೆ ಬರ್ತೀರಾ?"

ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಮರುದಿನದ ಪಟ್ಟಿಯಲ್ಲಿ ಬೇರೆ ಹಾಡಿ ಇತ್ತು.

ಆ ಸಂಜೆ ಜೀಪಿನಲ್ಲಿ ವಾಪಸ್ ಬರುವಾಗ "ಈ ಜನರಿಗೆ ಎಷ್ಟು ಹೇಳಿದರೂ ತಿಳುವಳಿಕೆ ಬರಲ್ಲ" ಎಂದು ಯಾರೋ ಅಂದರು. ಕೊಡಗಿನಲ್ಲಿ ಈ ಮಾತು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನಮ್ಮ ಮನೆಯಲ್ಲೇ ಕೇಳಿದ್ದೇನೆ. ಆದರೆ ಆ ದಿನ ನನ್ನ ಕಿವಿಗೆ ಅದು ಮೊದಲ ಸಲ ತಪ್ಪು ಅನ್ನಿಸಿತು. ಅಜ್ಜಿ ಕೇಳಿದ ಪ್ರಶ್ನೆಯಲ್ಲಿ ತಿಳುವಳಿಕೆಗೆ ಏನು ಕಡಿಮೆಯಾಗಿತ್ತು? ಆ ಲಸಿಕೆ ಹಾಕಿಸಿಕೊಂಡ ಬಹಳ ಜನಕ್ಕೆ ರಾತ್ರಿ ಜ್ವರ ಬರುತ್ತಿತ್ತು, ಮೈಕೈ ನೋಯುತ್ತಿತ್ತು. ನನಗೂ ಬಂದಿತ್ತು. ನಾನು ಪ್ಯಾರಾಸಿಟಮಾಲ್ ನುಂಗಿ ಹೊದ್ದು ಮಲಗಿದೆ. ಪಕ್ಕದಲ್ಲಿ ಫೋನ್ ಇತ್ತು, ಮನೆಯಲ್ಲಿ ಕಾರಿತ್ತು, ಗೋಣಿಕೊಪ್ಪಲಿಗೆ ಇಪ್ಪತ್ತೇ ನಿಮಿಷ. ಅಜ್ಜಿಯ ಮಗ ಜ್ವರದಲ್ಲಿ ಮಲಗಿದರೆ ಆ ದಿನದ ಕೂಲಿ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ರಾತ್ರಿ ಆನೆಯ ದಾರಿಯಲ್ಲಿ ಯಾವ ಆಟೋದವರೂ ಬರುವುದಿಲ್ಲ.

ಜೀಪಿನ ಸದ್ದಿಗೇ ಯಾಕೆ ಓಡಿದರು ಎಂಬುದು ನನಗೆ ಅರ್ಥವಾಗುವುದಕ್ಕೆ ಇನ್ನೂ ಸ್ವಲ್ಪ ದಿನ ಬೇಕಾಯಿತು. ನಮಗೆ ಜೀಪ್ ಅಂದರೆ ವಾಹನ. ಕಾಡಂಚಿನ ಜೇನು ಕುರುಬರಿಗೆ, ಎರವರಿಗೆ, ಬೆಟ್ಟ ಕುರುಬರಿಗೆ ಸರ್ಕಾರದ ಜೀಪ್ ಅಂದರೆ ಬೇರೆ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು, ಆಮೇಲೆ ಹುಲಿ ರಕ್ಷಿತಾರಣ್ಯ ಆಯಿತು. ಜೇನು ಕೊಯ್ಯುತ್ತಿದ್ದ, ಗೆಣಸು ಅಗೆಯುತ್ತಿದ್ದ, ಸತ್ತವರನ್ನು ಮಣ್ಣು ಮಾಡಿದ್ದ ಜಾಗದಿಂದಲೇ ಕುಟುಂಬಗಳು ಹೊರಗೆ ಬಂದವು. ಹೊರಗೆ ಬಂದವರಲ್ಲಿ ಬಹಳ ಮಂದಿ ತೋಟಗಳ ಲೈನ್ ಮನೆ, ಅಂದರೆ ಕೂಲಿಯವರ ಸಾಲುಮನೆ, ಸೇರಿದರು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ನೂರಾರು ಗುಡಿಸಲು ಕೆಡವಿದ್ದು ನೆನಪಿದೆಯಲ್ಲ? ಚಳಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಜನ ಬಯಲಲ್ಲಿ ಕೂತಿದ್ದರು. ಕೊನೆಗೆ ಅವರಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು. ಆ ಸುದ್ದಿ ಎಲ್ಲ ಹಾಡಿಗಳಿಗೂ ಮುಟ್ಟಿತ್ತು. ಅಲ್ಲಿಗೂ ಮೊದಲು ಬಂದದ್ದು ಜೀಪೇ. ಅದಾಗಿ ಐದು ವರ್ಷವೂ ಆಗಿರಲಿಲ್ಲ, ನಾವು ಇನ್ನೊಂದು ಜೀಪಿನಲ್ಲಿ ಹೋಗಿ ಇಳಿದು "ನಿಮ್ಮ ಒಳ್ಳೆಯದಕ್ಕೇ ಬಂದಿದ್ದೇವೆ" ಎಂದೆವು. ಈ ಮಾತನ್ನು ಅವರು ಮೊದಲೂ ಕೇಳಿದ್ದರು.

ಆಸ್ಪತ್ರೆಯ ಅನುಭವ ಇನ್ನೊಂದು ಕಥೆ. ನಾನು ಕಣ್ಣಾರೆ ನೋಡಿದ್ದನ್ನು ಮಾತ್ರ ಹೇಳುತ್ತೇನೆ. ಯಾವ ಆಸ್ಪತ್ರೆ ಎನ್ನುವುದು ಮುಖ್ಯವಲ್ಲ, ಯಾಕೆಂದರೆ ಇದು ಒಂದೇ ಕಡೆ ನಡೆಯುವುದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಲೈನಿನಲ್ಲಿದ್ದ ಎರವರ ಹೆಂಗಸೊಬ್ಬರನ್ನು ಹೆರಿಗೆಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನಲ್ಲಿ ನನಗೆ "ಕೂತ್ಕೊಳ್ಳಿ ಮೇಡಂ" ಎಂದರು. ಅವರಿಗೆ "ಏಯ್, ಅಲ್ಲಿ ನಿಂತ್ಕೋ" ಎಂದರು. ಒಂದೇ ಬಾಯಿ, ಒಂದೇ ನಿಮಿಷ. ನೋವಿನಲ್ಲಿ ಕೂಗಿದಾಗ ಒಳಗಿನಿಂದ ಬೈಗುಳ ಕೇಳಿಸಿತು. ಸ್ನಾನ ಮಾಡಿ ಬರೋಕೆ ಏನಾಗಿತ್ತು ಎಂದು ಒಬ್ಬರು ಕೇಳಿದರು. ಬೆಳಗ್ಗೆಯಿಂದ ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸಿಗೆ ಕೇಳುವ ಪ್ರಶ್ನೆಯೇ ಅದು? ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು, ಚಿಕಿತ್ಸೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆದರೆ ಆಕೆ ಎರಡನೇ ಮಗುವನ್ನು ಲೈನ್ ಮನೆಯಲ್ಲೇ ಹೆತ್ತರು. ಯಾಕೆ ಹೇಳಲಿಲ್ಲ, ನಾನೇ ಕರೆದುಕೊಂಡು ಹೋಗುತ್ತಿದ್ದೆನಲ್ಲ ಎಂದು ಕೇಳಿದರೆ ನಕ್ಕು ಸುಮ್ಮನಾದರು.

ನಮ್ಮ ಭಾಷೆಯಲ್ಲಿ ಒಂದು ಅಕ್ಷರ ಸಾಕು. "ಬಾ" ಎನ್ನುವುದಕ್ಕೂ "ಬನ್ನಿ" ಎನ್ನುವುದಕ್ಕೂ ಇರುವ ದೂರ ಕನ್ನಡದವರಿಗೆ ವಿವರಿಸಬೇಕಾಗಿಲ್ಲ. ಮನೆಯವರನ್ನು, ಗೆಳೆಯರನ್ನು ಪ್ರೀತಿಯಿಂದ ಬಾ ಎನ್ನುತ್ತೇವೆ, ಅದು ಬೇರೆ. ಮುಖ ನೋಡಿ, ಬಟ್ಟೆ ನೋಡಿ, ಜಾತಿ ಅಂದಾಜು ಮಾಡಿ ಏಕವಚನಕ್ಕೆ ಇಳಿಯುತ್ತೇವಲ್ಲ, ಅದು ಬೇರೆ. ನನ್ನ ತಾತ ಲೈನಿನ ಎಪ್ಪತ್ತು ವರ್ಷದ ಮುದುಕರನ್ನೂ ಏಕವಚನದಲ್ಲೇ ಕರೆಯುತ್ತಿದ್ದರು. ಎಂಟು ವರ್ಷದ ನಾನೂ ಹಾಗೇ ಕರೆಯುತ್ತಿದ್ದೆ, ಯಾರೂ ತಿದ್ದಲಿಲ್ಲ. ಅವರು ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದರು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಈಗ ನಿಲ್ಲಿಸಿದ್ದೇನೆ. ಆದರೆ ಅಷ್ಟು ವರ್ಷ ಹಾಗೆ ಮಾತಾಡಿದವರ ಮೊಮ್ಮಗಳು ಒಂದು ದಿನ ರಿಜಿಸ್ಟರ್ ಹಿಡಿದು ಬಂದು ತೋಳು ಚಾಚಿ ಎಂದರೆ ಯಾರಾದರೂ ಯಾಕೆ ನಂಬಬೇಕು?

ಇನ್ನೊಂದು ಇದೆ. ಹಾಡಿಯವರ ಬಾಯಲ್ಲಿ "ಆಸ್ಪತ್ರೆಗೆ ಹೋದವರು ಬರಲ್ಲ" ಎಂಬ ಮಾತು ಆಗಾಗ ಬರುತ್ತದೆ. ಕೇಳಿದರೆ ಮೂಢನಂಬಿಕೆ ಅನ್ನಿಸಬಹುದು. ಯೋಚಿಸಿ ನೋಡಿ. ದುಡ್ಡಿಲ್ಲ, ಗಾಡಿಯಿಲ್ಲ, ಹೋದರೆ ಬೈಗುಳ. ಹಾಗಾಗಿ ಕೊನೆಯ ಗಳಿಗೆಯವರೆಗೂ ಹೋಗುವುದಿಲ್ಲ. ಕೊನೆಯ ಗಳಿಗೆಯಲ್ಲಿ ಹೋದವರಲ್ಲಿ ಜಾಸ್ತಿ ಜನ ಉಳಿಯುವುದಿಲ್ಲ. ಅದನ್ನು ನೋಡಿದವರು ಮುಂದಿನ ಸಲ ಇನ್ನೂ ತಡ ಮಾಡುತ್ತಾರೆ. ಅವರು ಹೇಳುವುದು ಅವರು ಕಂಡದ್ದನ್ನೇ.

ಆ ಬೇಸಿಗೆಯಲ್ಲಿ ಗಾಳಿಸುದ್ದಿಗಳಂತೂ ಮಳೆಗಾಲದ ಜಿಗಣೆಗಳ ಹಾಗೆ ಎಲ್ಲಿ ಕಾಲಿಟ್ಟರೂ ಇದ್ದವು. ಸಿದ್ದಾಪುರ, ಪಾಲಿಬೆಟ್ಟದ ಕಡೆಯ ಲೈನುಗಳಲ್ಲಿ ತಮಿಳು ಮಾತಾಡುವ ಕೆಲಸಗಾರರು ಜಾಸ್ತಿ. ತಮಿಳು ನಟ ವಿವೇಕ್ 2021ರ ಏಪ್ರಿಲ್ 15ರಂದು ಟಿವಿಯವರ ಮುಂದೆಯೇ ಲಸಿಕೆ ಹಾಕಿಸಿಕೊಂಡರು, 17ರಂದು ಹೃದಯಾಘಾತದಿಂದ ತೀರಿಕೊಂಡರು. ಲಸಿಕೆಯಿಂದ ಆದ ಸಾವಲ್ಲ ಎಂದು ಕೇಂದ್ರದ ಸಮಿತಿ ಹೇಳುವ ಹೊತ್ತಿಗೆ ಅಕ್ಟೋಬರ್ ಬಂದಿತ್ತು. ಅಷ್ಟು ತಿಂಗಳು ಲೈನಿನ ಜನ ತಮಗೆ ತೋಚಿದ ಉತ್ತರ ಇಟ್ಟುಕೊಂಡು ಬದುಕಿದರು. ಮೇ ತಿಂಗಳಲ್ಲಿ ಇನ್ನೊಂದು ಬಂತು. ನೊಬೆಲ್ ಪಡೆದ ಫ್ರಾನ್ಸಿನ ವಿಜ್ಞಾನಿಯೊಬ್ಬರು, ಲಸಿಕೆ ಹಾಕಿಸಿಕೊಂಡವರೆಲ್ಲ ಎರಡು ವರ್ಷದಲ್ಲಿ ಸಾಯುತ್ತಾರೆ ಎಂದಿದ್ದಾರೆ ಎನ್ನುವುದು. ಅವರು ಹಾಗೆ ಹೇಳಿರಲೇ ಇಲ್ಲ. ಆದರೆ ಅದು ನನಗೆ ಬಂದದ್ದು ಹಾಡಿಯಿಂದ ಅಲ್ಲ, ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಿಂದ. ಕಳಿಸಿದವರು ಡಿಗ್ರಿ ಓದಿದ, ಮಕ್ಕಳನ್ನು ಬೆಂಗಳೂರಿನಲ್ಲಿ ಇಂಜಿನಿಯರ್ ಮಾಡಿದ ನನ್ನ ಚಿಕ್ಕಪ್ಪ. ಅವರು ಆಗಸ್ಟ್‌ವರೆಗೂ ಹಾಕಿಸಿಕೊಳ್ಳಲಿಲ್ಲ. ಅವರ ಮನೆಗೆ ಯಾರೂ ಜೀಪ್ ಕಳಿಸಲಿಲ್ಲ. "ಸ್ವಲ್ಪ ದಿನ ನೋಡೋಣ ಅಂತಿದಾರೆ" ಎಂದು ಎಲ್ಲರೂ ಗೌರವದಿಂದಲೇ ಹೇಳಿದರು. ಅದೇ ಮಾತನ್ನು ಹಾಡಿಯ ಅಜ್ಜಿ ಹೇಳಿದರೆ ಅಜ್ಞಾನ ಎಂದೆವು.

ನಿಯಮಗಳು ಕೂಡ ಓಡಾಡುತ್ತಿದ್ದವು. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವೆ ಮೊದಲು 4ರಿಂದ 6 ವಾರ ಎಂದರು, ಮಾರ್ಚ್‌ನಲ್ಲಿ 6ರಿಂದ 8 ವಾರ ಎಂದರು, ಮೇನಲ್ಲಿ 12ರಿಂದ 16 ವಾರ ಎಂದರು. ಅದಕ್ಕೆ ವೈಜ್ಞಾನಿಕ ಕಾರಣ ಕೊಟ್ಟರು, ಪೂರೈಕೆ ಸಾಲದಿರುವುದೂ ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಕಾರಣವನ್ನು ಹಾಡಿಗೆ ಬಂದು ಹೇಳಿದವರು ಯಾರು? ಮೊದಲೊಂದು ದಿನಾಂಕ ಬರೆದ ಚೀಟಿ, ಆಮೇಲೆ ಅದನ್ನು ಹೊಡೆದು ಹಾಕಿ ಇನ್ನೊಂದು ದಿನಾಂಕ. ಇನ್ನು ಬುಕ್ ಮಾಡುವುದಕ್ಕೆ ಕೋವಿನ್ ಅಂತೆ, ಓಟಿಪಿ ಅಂತೆ. ಓಟಿಪಿ ಬರಬೇಕಾದ ಫೋನ್ ಮೇಸ್ತ್ರಿಯದ್ದು.

ಕೆಲವು ತೋಟಗಳಲ್ಲಿ ಸುಲಭದ ದಾರಿ ಹಿಡಿದರು. ಸೂಜಿ ಹಾಕಿಸಿಕೊಳ್ಳದಿದ್ದರೆ ಕೆಲಸಕ್ಕೆ ಬರಬೇಡಿ ಎಂದುಬಿಟ್ಟರು. ಜನ ಸಾಲಾಗಿ ಬಂದು ತೋಳು ಚಾಚಿದರು. ಲೆಕ್ಕ ತುಂಬಿತು. ಆ ದಿನ ಅದು ನನಗೂ ಸರಿ ಅನ್ನಿಸಿತ್ತು, ಜೀವ ಉಳಿಯಲಿ ಎಂದು. ಈಗ ಹಾಗೆ ಅನ್ನಿಸುವುದಿಲ್ಲ. ಹೆದರಿಸಿ ಹಾಕಿದ ಸೂಜಿ ಆ ಒಂದು ರೋಗಕ್ಕೆ ಕೆಲಸ ಮಾಡಿರಬಹುದು. ಮುಂದಿನ ಸಲ ನೀಲಿ ಡಬ್ಬ ಕಂಡ ಕೂಡಲೇ ಅದೇ ಜನ ಮೊದಲು ನೆನಪು ಮಾಡಿಕೊಳ್ಳುವುದು ಆ ಬೆದರಿಕೆಯನ್ನು.

ಮಕ್ಕಳಾಗಲ್ಲ ಎಂಬ ಹೆದರಿಕೆ ಎಲ್ಲ ಕಡೆ ಇತ್ತು. ಇದು ಎಲ್ಲಿಂದ ಬಂತು ಎಂದು ನಾನು ತುಂಬಾ ಯೋಚಿಸಿದ್ದೇನೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದವು. ಗುರಿ ಮುಟ್ಟಬೇಕು ಎಂದು ಬಡವರನ್ನು ಹಿಡಿದು ತಂದ ಕಥೆಗಳು ಎಷ್ಟೋ ಇವೆ. ಆಗಲೂ ಮನೆ ಬಾಗಿಲಿಗೆ ಬಂದದ್ದು ಸರ್ಕಾರದ ಆರೋಗ್ಯ ಇಲಾಖೆಯವರೇ, ಕೈಯಲ್ಲಿ ಪಟ್ಟಿ ಹಿಡಿದುಕೊಂಡು. ಅಂಥದ್ದನ್ನು ಕಂಡ ತಲೆಮಾರು ಇನ್ನೂ ಬದುಕಿದೆ. ಅವರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಅದು ಹೆಸರಿಲ್ಲದ ಹೆದರಿಕೆಯಾಗಿ ಉಳಿದಿದೆ.

ಆದಿವಾಸಿ ಮಕ್ಕಳ ವಿಷಯದಲ್ಲಿ ಇನ್ನೂ ಹತ್ತಿರದ ಉದಾಹರಣೆ ಇದೆ. ಆಶ್ರಮ ಶಾಲೆಯ ಮಕ್ಕಳಿಗೆ ಪಾಠ ಹೇಳಿದವಳಾಗಿ ಇದು ನನ್ನನ್ನು ತುಂಬಾ ಕಾಡುತ್ತದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಒಂದು ಅಧ್ಯಯನಕ್ಕಾಗಿ ಸಾವಿರಾರು ಹೆಣ್ಣುಮಕ್ಕಳಿಗೆ ಹಾಕಿದರು. ಅವರಲ್ಲಿ ಬುಡಕಟ್ಟಿನ, ಹಾಸ್ಟೆಲ್‌ನಲ್ಲಿ ಓದುವ ಮಕ್ಕಳು ತುಂಬಾ ಇದ್ದರು. ಕೆಲವು ಮಕ್ಕಳು ತೀರಿಕೊಂಡಾಗ ವಿಷಯ ಹೊರಗೆ ಬಂತು, 2010ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದು ತನಿಖೆ ಹೇಳಿತು. ಆದರೆ ಅದೇ ತನಿಖೆಯಲ್ಲಿ ಇನ್ನೊಂದು ಸಿಕ್ಕಿತು. ಅಪ್ಪ ಅಮ್ಮ ಸಹಿ ಹಾಕಬೇಕಾದ ಒಪ್ಪಿಗೆ ಪತ್ರಗಳಿಗೆ ಎಷ್ಟೋ ಕಡೆ ಹಾಸ್ಟೆಲ್ ವಾರ್ಡನ್‌ಗಳು, ಹೆಡ್‌ಮಾಸ್ಟರ್‌ಗಳು ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಎಚ್‌ಪಿವಿ ಲಸಿಕೆ ಒಳ್ಳೆಯದು, ನನ್ನ ಮಗಳಿಗೆ ನಾನೇ ಹಾಕಿಸಿದ್ದೇನೆ. ಆದರೆ ಅದನ್ನು ನಾನು ಓದಿ, ಕೇಳಿ, ಒಪ್ಪಿ ಹಾಕಿಸಿದೆ. ಕಾಡಿನಲ್ಲಿ ಜೇನು ತರಲು ಹೋಗಿದ್ದ ಅಪ್ಪನ ಪರವಾಗಿ ವಾರ್ಡನ್ ಯಾಕೆ ಒಪ್ಪಬೇಕು?

ಇದು ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ. ಅಮೆರಿಕದ ಟಸ್ಕಿಗಿಯಲ್ಲಿ 1932ರಿಂದ 1972ರವರೆಗೆ, 40 ವರ್ಷ, ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ರೋಗ ಏನೆಂದು ಹೇಳದೆ, ಪೆನ್ಸಿಲಿನ್ ಬಂದ ಮೇಲೂ ಕೊಡದೆ, ಸುಮ್ನೆ ನೋಡುತ್ತಾ ಕೂತರು. ಅಲ್ಲಿನ ಅಧ್ಯಕ್ಷರು ಕ್ಷಮೆ ಕೇಳಿದ್ದು 1997ರಲ್ಲಿ. ಕೋವಿಡ್ ಕಾಲದಲ್ಲಿ ಕಪ್ಪು ಜನ ಅಲ್ಲಿ ಲಸಿಕೆಗೆ ಹಿಂಜರಿದಾಗ ಆ ಹೆಸರು ಮತ್ತೆ ಮತ್ತೆ ಬಂತು. ಬ್ರಿಟನ್ನಿನಲ್ಲೂ ಕಪ್ಪು ಜನರು, ಬಾಂಗ್ಲಾದೇಶ ಪಾಕಿಸ್ತಾನ ಮೂಲದವರು ಮೊದಮೊದಲು ಹಿಂದೆ ಉಳಿದರು. 2021ರ ಜನವರಿಯಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಂದು ಮಸೀದಿಯಲ್ಲೇ ಲಸಿಕಾ ಕೇಂದ್ರ ತೆರೆದರು. ಜನ ನಂಬುವ ಜಾಗಕ್ಕೆ ಲಸಿಕೆಯೇ ಹೋಯಿತು.

ಜನರ ಅನುಮಾನ ಸರಿಯೇ ಆಗಿರುವುದೂ ಉಂಟು. ಇದನ್ನು ಆರೋಗ್ಯ ಇಲಾಖೆಯ ಗೆಳೆಯರು ಒಪ್ಪಲು ಕಷ್ಟಪಡುತ್ತಾರೆ. ಮಂಗನ ಕಾಯಿಲೆ ನಮ್ಮ ರಾಜ್ಯದ್ದೇ ರೋಗ, 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಅದಕ್ಕೆ ದಶಕಗಳ ಕಾಲ ಒಂದು ಲಸಿಕೆ ಕೊಟ್ಟರು. ತೋಳು ತುಂಬಾ ನೋಯುತ್ತಿತ್ತು, ಮತ್ತೆ ಮತ್ತೆ ಬೂಸ್ಟರ್ ಹಾಕಿಸಬೇಕಿತ್ತು. ಹಾಕಿಸಿಕೊಂಡವರಿಗೂ ಕಾಯಿಲೆ ಬರುತ್ತದೆ ಎಂದು ಮಲೆನಾಡಿನ ಜನ ಹೇಳುತ್ತಲೇ ಇದ್ದರು. ಅವರಿಗೆ ತಿಳುವಳಿಕೆ ಕೊಡಬೇಕು ಎಂದು ಕರಪತ್ರ ಹಂಚಿದೆವು. ಕೊನೆಗೆ 2022ರಲ್ಲಿ ಪರಿಣಾಮ ಸಾಲದು ಎಂದು ಆ ಲಸಿಕೆಯನ್ನೇ ನಿಲ್ಲಿಸಿದರು. ಜನ ಹೇಳಿದ್ದನ್ನು ದೂರು ಎಂದು ತಿಳಿಯದೆ ಮಾಹಿತಿ ಎಂದು ತಿಳಿದಿದ್ದರೆ ಎಷ್ಟು ವರ್ಷ ಮೊದಲೇ ಗೊತ್ತಾಗುತ್ತಿತ್ತೋ.

ಹಾಗಂತ ಲಸಿಕೆ ಬೇಡ ಎನ್ನುವವರ ಜೊತೆ ನಾನಿಲ್ಲ. ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಎರಡನೇ ಅಲೆಯಲ್ಲಿ ನಮ್ಮ ಬೀದಿಯಲ್ಲೇ ಮೂರು ಸಾವು ನೋಡಿದ್ದೇನೆ. ಕೋವಿಶೀಲ್ಡ್‌ನಿಂದ ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗುತ್ತದೆ ಎಂಬುದೂ ನಿಜ, ಅದು ಉಳಿಸಿದ ಜೀವಗಳು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹೇಳಬೇಕು. ಮೊದಲನೆಯದನ್ನು ಮುಚ್ಚಿಟ್ಟರೆ, ಅದು ಹೊರಬಂದ ದಿನ ಎರಡನೆಯದನ್ನೂ ಯಾರೂ ನಂಬುವುದಿಲ್ಲ.

ಇದಕ್ಕೆ ನಮ್ಮ ಅಡುಗೆಮನೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಹೊತ್ತಿಗೆ ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಎಂಬ ನಂಬಿಕೆ. ಸೊಪ್ಪು ಕುದಿಸಿದರೆ ನೀರು ಕಡುನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದರ ವಾಸನೆ ಮನೆಯೆಲ್ಲ ತುಂಬುತ್ತದೆ. ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಹೊರಗಿನವರು ನೋಡಿದರೆ ಹೆದರಿ ಆಸ್ಪತ್ರೆಗೆ ಓಡಿಯಾರು. ನಮ್ಮ ಮನೆಯ ಮೂರು ವರ್ಷದ ಮಗು ಕೂಡ ಹೆದರುವುದಿಲ್ಲ. ಯಾಕೆ? ಹಿಂದಿನ ರಾತ್ರಿಯೇ ಅಜ್ಜಿ ಹೇಳಿರುತ್ತಾರೆ, "ನಾಳೆ ಕೆಂಪಗೆ ಹೋಗುತ್ತೆ ಮಗ, ಮದ್ದು ಮೈಗೆ ಹಿಡಿದಿದೆ ಅಂತ ಅರ್ಥ". ಬೆಳಗ್ಗೆ ಎದ್ದಾಗ ಆ ಅಜ್ಜಿ ಅಲ್ಲೇ ಇರುತ್ತಾರೆ. ಅದೇ ಪಾಯಸವನ್ನು ಅವರೂ ತಿಂದಿರುತ್ತಾರೆ.

ನಾನು ಇದನ್ನು ನಮ್ಮ ತಂಡದ ಆಶಾ ಕಾರ್ಯಕರ್ತೆಯೊಬ್ಬರಿಗೆ ಹೇಳಿದೆ. ಅವರು ನನಗಿಂತ ಮೊದಲೇ ಇದನ್ನು ಅರ್ಥ ಮಾಡಿಕೊಂಡಿದ್ದರು. ಹನ್ನೆರಡು ವರ್ಷದಿಂದ ಹಾಡಿಗಳಲ್ಲಿ ಓಡಾಡಿದ ಹೆಂಗಸು. "ಜೀಪ್ ಬೇಡ ಅಕ್ಕ, ರೋಡಲ್ಲೇ ಬಿಟ್ಟು ನಡ್ಕೊಂಡು ಹೋಗೋಣ. ಸೂಜಿನೂ ತಗೊಂಡು ಹೋಗೋದು ಬೇಡ" ಎಂದರು. ಹಾಗೇ ಮಾಡಿದೆವು. ಒಂದು ಭಾನುವಾರ ನಾವಿಬ್ಬರೇ ಹೋದೆವು. ರಿಜಿಸ್ಟರ್ ಇಲ್ಲ, ಡಬ್ಬ ಇಲ್ಲ. ಅಜ್ಜಿಯ ಜಗಲಿಯಲ್ಲಿ ಕೂತು ಬೆಲ್ಲದ ಕಾಫಿ ಕುಡಿದೆವು. ಕಣಿಲೆಯ ಸೀಸನ್, ಆನೆಯ ಕಾಟ, ಮೊಮ್ಮಗಳ ಹಾಸ್ಟೆಲ್, ಇದೇ ಮಾತು. ಕೋವಿಡ್ ಬಗ್ಗೆ ಅವರಾಗಿ ಕೇಳುವವರೆಗೂ ನಾವು ಎತ್ತಲಿಲ್ಲ. ಕೇಳಿದಾಗ ಆಶಾ ಅಕ್ಕ ತನಗೆ ಎಷ್ಟು ಜ್ವರ ಬಂತು, ತೋಳು ಎಷ್ಟು ದಿನ ಎತ್ತಲಾಗಲಿಲ್ಲ ಎಂದು ಎಲ್ಲ ಹೇಳಿದರು. ಜ್ವರ ಬರುತ್ತದೆ, ಬಂದೇ ಬರುತ್ತದೆ ಎಂದುಕೊಳ್ಳಿ, ಎರಡು ದಿನ ಕೆಲಸಕ್ಕೆ ಹೋಗೋಕೆ ಆಗಲ್ಲ ಎಂದರು. ನನಗೆ ಒಳಗೊಳಗೇ ಅಂಜಿಕೆಯಾಯಿತು, ಇಷ್ಟು ಹೇಳಿದರೆ ಯಾರು ಒಪ್ಪುತ್ತಾರೆ ಎಂದು. ಆದರೆ ಹಾಡಿಯ ಯಜಮಾನರು ಅಲ್ಲಿಯೇ ನಿಂತು ಕೇಳುತ್ತಿದ್ದರು. "ಹಂಗಾದ್ರೆ ಶನಿವಾರ ಹಾಕಿ. ಭಾನುವಾರ ಹೆಂಗೂ ಕೆಲಸ ಇಲ್ಲ" ಎಂದರು.

ನಾವು ಅಷ್ಟು ದಿನ ಹೋಗಿದ್ದೆಲ್ಲ ವಾರದ ನಡುವೆ. ಕೂಲಿಯ ದಿನ. ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಶನಿವಾರ ಹನ್ನೊಂದು ಜನ ಹಾಕಿಸಿಕೊಂಡರು. ಒಂದು ಬಾಟಲಿ ಪೂರ್ತಿ ಆಗಿ ಎರಡನೆಯದನ್ನೂ ತೆರೆಯಬೇಕಾಯಿತು, ನರ್ಸಮ್ಮ ಈ ಸಲ ಯೋಚಿಸಲಿಲ್ಲ, ತೆರೆದರು. ಅಜ್ಜಿ ಹಾಕಿಸಿಕೊಳ್ಳಲಿಲ್ಲ, ಕೂತು ನೋಡಿದರು. ಭಾನುವಾರ ಬೆಳಗ್ಗೆ ಸುರಿಯುವ ಮಳೆಯಲ್ಲಿ ಆಶಾ ಅಕ್ಕ ಮಾತ್ರೆಯ ಪ್ಯಾಕೆಟ್ ಹಿಡಿದು ಮತ್ತೆ ಹೋದರು. ಅದು ಅವರ ಡ್ಯೂಟಿಯಲ್ಲಿ ಇರಲಿಲ್ಲ, ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಆಶಾ ಕಾರ್ಯಕರ್ತೆಯರಿಗೆ ಸಂಬಳವೇ ಇಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಮಾತ್ರ. ಮರುದಿನ ಹೋಗಿ ಜ್ವರ ನೋಡಿ ಬರುವುದಕ್ಕೆ ಯಾವ ಕೋಷ್ಟಕದಲ್ಲೂ ಜಾಗವಿಲ್ಲ. ಎಂಟು ಜನರಿಗೆ ಜ್ವರ ಬಂದಿತ್ತು. ಅವರು ಪ್ರತಿ ಮನೆಗೂ ಹೋಗಿ ಹಣೆ ಮುಟ್ಟಿ ನೋಡಿ, ಮಾತ್ರೆ ಕೊಟ್ಟು, ಗಂಜಿ ಕುಡಿಸಿ ಬಂದರು. ಸೋಮವಾರವೂ ಹೋದರು.

ಅದರ ಮುಂದಿನ ಶನಿವಾರ ಅಜ್ಜಿ ತಾವಾಗಿಯೇ ಸೆರಗು ಸರಿಸಿದರು. ಬಲತೋಳು ಕೊಡಿ ಎಂದರೆ ಎಡತೋಳನ್ನೇ ಕೊಟ್ಟರು, ಹಳೆಯ ಕಲೆಯ ಪಕ್ಕಕ್ಕೆ.

ಎಲ್ಲರೂ ಹಾಕಿಸಿಕೊಂಡರು ಎಂದು ನಾನು ಹೇಳುವುದಿಲ್ಲ. ಐದಾರು ಜನ ಕೊನೆಯವರೆಗೂ ಬೇಡವೆಂದರು. ಅವರಲ್ಲಿ ಒಬ್ಬರ ಹೆಂಡತಿ ಹಿಂದೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಏನಾಗಿತ್ತು ಎಂದು ಅವರಿಗೆ ಇವತ್ತಿಗೂ ಯಾರೂ ಹೇಳಿಲ್ಲ. ಅವರ ಹತ್ತಿರ ನನಗೆ ಯಾವ ಮಾತೂ ಇರಲಿಲ್ಲ.

ಈಗ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕೋವಿಡ್ ಮುಗಿದರೂ ಹಾಡಿಗೆ ಹೋಗುವ ಕೆಲಸ ಮುಗಿದಿಲ್ಲ. 2023ರ ಜುಲೈ 1ರಂದು ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಶುರುವಾಯಿತು. ಆದಿವಾಸಿಗಳು ಹೆಚ್ಚಿರುವ ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಮಾಡುವ ಗುರಿ. ಇದು ಬೇಕಾದ ಕೆಲಸವೇ. ಈ ಕಾಯಿಲೆಯಲ್ಲಿ ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಮೈಯೆಲ್ಲ ತಡೆಯಲಾಗದ ನೋವು. ಪಕ್ಕದ ವಯನಾಡು, ನೀಲಗಿರಿಯ ಪಣಿಯರು, ಕುರುಮರಲ್ಲಿ ಇದು ಇರುವುದು ಬಹಳ ಹಿಂದೆಯೇ ಗೊತ್ತಾಗಿದೆ. ಅಪ್ಪ ಅಮ್ಮ ಇಬ್ಬರಲ್ಲೂ ಅದರ ಒಂದೊಂದು ಎಳೆ ಇದ್ದರೆ ಅವರಿಗೆ ಏನೂ ಆಗದಿರಬಹುದು, ಆದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅದಕ್ಕೇ ಮದುವೆಗೆ ಮುಂಚೆ ಗೊತ್ತಿದ್ದರೆ ಒಳ್ಳೆಯದು. ಅದಕ್ಕೇ, ಗೊತ್ತಾದರೆ ಹುಡುಗಿಗೆ ಗಂಡು ಸಿಗಲ್ಲವೇನೋ ಎಂಬ ಹೆದರಿಕೆಯೂ ಇದೆ. ಎಷ್ಟು ಸೂಕ್ಷ್ಮದ ವಿಷಯ ನೋಡಿ. ಇದನ್ನು ಜೀಪಿನಲ್ಲಿ ಬಂದು, ಸಾಲಾಗಿ ನಿಲ್ಲಿಸಿ, ಬೆರಳು ಚುಚ್ಚಿ, ಸಂಜೆಯೊಳಗೆ ಮುಗಿಸುವುದಕ್ಕೆ ಆಗುತ್ತದಾ?

ಹೋದ ತಿಂಗಳು ಅಜ್ಜಿಯನ್ನು ನೋಡಲು ಹೋಗಿದ್ದೆ. ಕಾಲು ನೋವು ಜಾಸ್ತಿಯಾಗಿದೆ, ಕಣ್ಣೂ ಮಂಜು. ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತರಿಸಿದರು. ಅದರಲ್ಲಿ ಆಧಾರ್, ರೇಷನ್ ಕಾರ್ಡ್, ಮಗಳ ತಾಯಿ ಕಾರ್ಡ್, ಮತ್ತೆ 2021ರ ಲಸಿಕೆಯ ಚೀಟಿ, ಎರಡೂ ಡೋಸಿನದ್ದು, ನನ್ನ ಕೈಬರಹದಲ್ಲಿ. ಮಳೆಗೆ ನೆನೆದು ಶಾಯಿ ಸ್ವಲ್ಪ ಹರಡಿತ್ತು. ಎಲ್ಲವನ್ನೂ ಜಗಲಿಯ ಮೇಲೆ ಸಾಲಾಗಿ ಇಟ್ಟರು.

"ಮೊಮ್ಮಗಳ ರಕ್ತ ತಗೊಂಡು ಹೋದ್ರು ಟೀಚರಮ್ಮ, ಹಾಸ್ಟೆಲ್‌ನಲ್ಲಿ. ಕಾರ್ಡ್ ಕೊಡ್ತೀವಿ ಅಂದ್ರಂತೆ. ಅದು ಎಲ್ಲಿ?"

ಮೊಮ್ಮಗಳಿಗೆ ಈಗ ಹದಿನೇಳು. ರಕ್ತ ಕೊಟ್ಟು ಏಳು ತಿಂಗಳಾಯಿತು. ಏನು ಬಂತು ಎಂದು ಅವಳಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ರಕ್ತ ತೆಗೆದುಕೊಂಡವರು ಮತ್ತೆ ಬರಲಿಲ್ಲ. ಈಗ ಹಾಡಿಯ ಉಳಿದ ಮಕ್ಕಳ ಪರೀಕ್ಷೆಗೆ ತಂಡ ಬರುತ್ತದೆ ಎಂಬ ಸುದ್ದಿ ಇದೆ. ಆಶಾ ಅಕ್ಕನನ್ನು ಯಜಮಾನರು ಕೇಳಿದ್ದಾರೆ, ಮೊದಲು ಆ ಹುಡುಗಿಯ ಕಾಗದ ತನ್ನಿ, ಆಮೇಲೆ ನೋಡೋಣ ಎಂದು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ.

ಮರುದಿನ ನಾನೇ ವಿಚಾರಿಸಲು ಹೋದೆ. ಒಂದು ಕಡೆ ಇನ್ನೊಂದು ಕಡೆಗೆ ಕಳಿಸಿದರು, ಅಲ್ಲಿ ರಿಜಿಸ್ಟರ್ ಬೇರೆಯವರ ಹತ್ತಿರ ಇದೆ ಎಂದರು. ಸಂಜೆ ಹಾಡಿಗೆ ಹೋಗಿ ಅಷ್ಟನ್ನೇ ಹೇಳಿ ಬಂದೆ, ಇನ್ನೂ ಸಿಕ್ಕಿಲ್ಲ ಎಂದು. ಅಜ್ಜಿ ಕವರ್ ಮಡಚಿ ಇಟ್ಟುಕೊಂಡರು. ಸೋಮವಾರ ಮತ್ತೆ ಹೋಗುತ್ತಿದ್ದೇನೆ, ಈ ಸಲ ಹುಡುಗಿಯನ್ನೂ ಅವಳ ಅಮ್ಮನನ್ನೂ ಕರೆದುಕೊಂಡು. ಸಿಕ್ಕರೂ ಸಿಗದಿದ್ದರೂ ಮಂಗಳವಾರ ಬೆಳಗ್ಗೆ ಬರುತ್ತೇನೆ ಎಂದು ಅಜ್ಜಿಗೆ ಹೇಳಿದ್ದೇನೆ.